ಹೊಸಬ ಬಂದ ಮೇಲೂ 60 ಸೋಲು

(ಮಡಿಕೇರಿಯಲ್ಲಿ ಬಾಸ್ಕೆಟ್‌ಬಾಲ್ ಆಸಕ್ತರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ಅಂತ ಒಂದು ತಂಡ ಇದೆ. 2022-23ರಲ್ಲಿ ಅದು 82 ಪಂದ್ಯ ಆಡಿ 22 ಗೆದ್ದಿತು, 60 ಸೋತಿತು. ಆಮೇಲೆ ಫ್ರಾನ್ಸಿನಿಂದ ವಿಕ್ಟರ್ ವೆಂಬನ್ಯಾಮ ಬಂದ. 19 ವರ್ಷ. 7 ಅಡಿ 4 ಇಂಚು ಎತ್ತರ. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಸಿಗುವ ಹುಡುಗ ಅಂತ ಎಲ್ಲರೂ ಹೇಳಿದರು. ಅವನು ಆಡಿದ ಮೊದಲ ಋತುವಿನಲ್ಲಿ, ಅಂದರೆ 2023-24ರಲ್ಲಿ, ಸ್ಪರ್ಸ್ ಎಷ್ಟು ಗೆದ್ದಿತು ಗೊತ್ತಾ? 22. ಸೋತಿದ್ದು 60. ಒಂದು ಪಂದ್ಯ ಆ ಕಡೆ ಇಲ್ಲ, ಈ ಕಡೆ ಇಲ್ಲ. ಮಧ್ಯದಲ್ಲಿ ಸಾಲಾಗಿ 18 ಸೋಲು ಬೇರೆ.

ಹಾಗಾದರೆ ಹುಡುಗ ಚೆನ್ನಾಗಿ ಆಡಲಿಲ್ಲವಾ? ಆಡಿದ. ಪಂದ್ಯಕ್ಕೆ ಸರಾಸರಿ 21.4 ಪಾಯಿಂಟ್, 10.6 ರಿಬೌಂಡ್, 3.6 ಬ್ಲಾಕ್. ರಿಬೌಂಡ್ ಅಂದರೆ ಗುರಿ ತಪ್ಪಿ ಬಂದ ಚೆಂಡು ಹಿಡಿಯುವುದು, ಬ್ಲಾಕ್ ಅಂದರೆ ಎದುರಾಳಿ ಎಸೆದ ಶಾಟ್ ತಡೆಯುವುದು. ಬ್ಲಾಕ್‌ನಲ್ಲಿ ಇಡೀ ಲೀಗಿಗೇ ಮೊದಲು. ವರ್ಷದ ಅತ್ಯುತ್ತಮ ಹೊಸ ಆಟಗಾರ ಯಾರು ಅಂತ ಮತ ಹಾಕುವವರಲ್ಲಿ ಒಬ್ಬರೂ ಬೇರೆ ಹೆಸರು ಬರೆಯಲಿಲ್ಲ. ಲೀಗಿನ ಅತ್ಯುತ್ತಮ ರಕ್ಷಣಾ ಐವರ ಮೊದಲ ಪಟ್ಟಿಯಲ್ಲಿ ಒಬ್ಬ ರೂಕಿಯ, ಅಂದರೆ ಮೊದಲ ವರ್ಷದ ಆಟಗಾರನ, ಹೆಸರು ಬಂದಿದ್ದು ಅದೇ ಮೊದಲು. 2024ರ ಫೆಬ್ರವರಿಯಲ್ಲಿ ಟೊರೊಂಟೊ ಎದುರು ಒಂದೇ ಪಂದ್ಯದಲ್ಲಿ 27 ಪಾಯಿಂಟ್, 14 ರಿಬೌಂಡ್, 10 ಬ್ಲಾಕ್. ಹತ್ತು ಬ್ಲಾಕ್! ನಮ್ಮ ಕಡೆಯ ಟೂರ್ನಿಯಲ್ಲಿ ಒಂದು ತಂಡ ಮೂರು ದಿನ ಆಡಿದರೂ ಅಷ್ಟು ಬರುವುದು ಕಷ್ಟ.

ಇವತ್ತು ನಾನು ಬಿಡಿಸಬೇಕು ಅಂದುಕೊಂಡಿರುವ ಗಂಟು ಇದೇ. ಒಬ್ಬ ಹೊಸಬ ಇಷ್ಟೆಲ್ಲಾ ಮಾಡಿದ ಮೇಲೂ ಅಂಕಪಟ್ಟಿ ಅಲುಗಾಡದೇ ಇರುವುದು ಹೇಗೆ? ಬೇರೆ ಕೆಲವರು ಬಂದ ವರ್ಷವೇ ತಂಡ ಆಕಾಶಕ್ಕೆ ಹಾರಿದ್ದು ಹೇಗೆ?

ಈ ಪ್ರಶ್ನೆಯನ್ನು ಕೊಡಗಿನಲ್ಲಿ ಕೇಳಲು ಒಂದು ಕಾರಣವಿದೆ. ಇಲ್ಲಿ ಎಲ್ಲರೂ ಆಟವನ್ನು ಹಾಕಿಯ ಕಣ್ಣಿನಿಂದ ನೋಡುತ್ತಾರೆ. ತಪ್ಪೇನಿಲ್ಲ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಅಂತ ಹೆಸರು ಹೇಳುತ್ತಾ ಹೋದರೆ ಇವತ್ತಿನ ಸಂಜೆ ಅದರಲ್ಲೇ ಮುಗಿಯುತ್ತದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳವರೆಗೆ ಬೆಳೆಯಿತು. ಅಲ್ಲಿ ಭಾರತಕ್ಕೆ ಆಡಿದವನೊಬ್ಬ ತನ್ನ ಒಕ್ಕದ ತಂಡದಲ್ಲಿ ಇಳಿಯುತ್ತಾನೆ. ಪಕ್ಕದಲ್ಲಿ ಚಿಕ್ಕಪ್ಪ, ಅತ್ತ ಕಡೆ ಹೈಸ್ಕೂಲ್ ಹುಡುಗಿ. ಎಲ್ಲರೂ ಅವನೇ ಗೆಲ್ಲಿಸುತ್ತಾನೆ ಅಂದುಕೊಳ್ಳುತ್ತಾರೆ. ಎದುರಾಳಿಗಳು ಇಬ್ಬರನ್ನು ಅವನ ಬೆನ್ನಿಗೆ ಬಿಡುತ್ತಾರೆ. ಚೆಂಡೇ ಅವನ ಹತ್ತಿರ ಬರುವುದಿಲ್ಲ. ಇದನ್ನು ನೀವೆಲ್ಲಾ ನೋಡಿದ್ದೀರಿ.

ಬಾಸ್ಕೆಟ್‌ಬಾಲ್ ಹಾಗಲ್ಲ, ಅಲ್ಲಿ ಒಬ್ಬನೇ ಜಾಸ್ತಿ ಮಾಡಬಹುದು ಅನ್ನುವುದು ಸಾಮಾನ್ಯ ನಂಬಿಕೆ. ಅರ್ಧ ನಿಜ. ಹನ್ನೊಂದು ಜನರ ಬದಲು ಐದು ಜನ. ಅಂಗಳ ಚಿಕ್ಕದು. ಚೆಂಡು ಕೈಯಲ್ಲೇ ಇರುತ್ತದೆ. ಒಬ್ಬನೇ ಆಟಗಾರ ಎರಡೂ ತುದಿಯಲ್ಲಿ ಕೆಲಸ ಮಾಡುತ್ತಾನೆ. ಆದರೆ ಪಂದ್ಯ 48 ನಿಮಿಷ. ವೆಂಬನ್ಯಾಮನನ್ನು ಮೊದಲ ವರ್ಷ ಸರಾಸರಿ 30 ನಿಮಿಷದಷ್ಟೇ ಆಡಿಸಿದರು. ಉದ್ದ ಮೈ, ಎಳೆ ವಯಸ್ಸು, ಗಾಯದ ಭಯ. ಉಳಿದ 18 ನಿಮಿಷ ಅವನು ಬೆಂಚಿನ ಮೇಲೆ. ಆಗ ಆಡುವವರು ಅದೇ ಹಳೇ 22 ಗೆಲುವಿನ ತಂಡದವರು.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಆ ಋತುವಿನ ಶುರುವಿನಲ್ಲಿ ಕೋಚ್ ಗ್ರೆಗ್ ಪೊಪೊವಿಚ್ ಒಂದು ಪ್ರಯೋಗ ಮಾಡಿದರು. ಜೆರೆಮಿ ಸೋಹನ್ ಅನ್ನುವ ಫಾರ್ವರ್ಡ್ ಆಟಗಾರನನ್ನು ಪಾಯಿಂಟ್ ಗಾರ್ಡ್ ಮಾಡಿದರು. ಪಾಯಿಂಟ್ ಗಾರ್ಡ್ ಅಂದರೆ ಚೆಂಡು ತಂದು, ಯಾರಿಗೆ ಯಾವಾಗ ಕೊಡಬೇಕು ಅಂತ ನಿರ್ಧರಿಸುವವನು. ಸೋಹನ್ ಅದನ್ನು ಹಿಂದೆ ಮಾಡಿದವನಲ್ಲ. ಮೇಲಾಗಿ ವೆಂಬನ್ಯಾಮ ಸೆಂಟರ್ ಜಾಗದಲ್ಲಿ, ಅಂದರೆ ರಿಂಗ್ ಹತ್ತಿರ ಆಡುವ ಉದ್ದದವನ ಜಾಗದಲ್ಲಿ, ಇರಲಿಲ್ಲ. ಅಲ್ಲಿ ಜ್ಯಾಕ್ ಕಾಲಿನ್ಸ್ ಇದ್ದ, ಇವನು ಅವನ ಪಕ್ಕದಲ್ಲಿ. ಇಬ್ಬರು ಉದ್ದದವರು ಒಂದೇ ಕಡೆ ನಿಂತರೆ ರಿಂಗ್ ಹತ್ತಿರ ಜಾಗವೇ ಇರುವುದಿಲ್ಲ ಅಲ್ವಾ? ಆ ವಾರಗಳ ಪಂದ್ಯ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಹುಡುಗ ರಿಂಗ್ ಕೆಳಗೆ ಕೈ ಎತ್ತಿ ನಿಂತಿರುತ್ತಾನೆ. ಅವನ ಕೈಗೆ ಎಟುಕುವಷ್ಟು ಮೇಲೆ ಬೇರೆ ಯಾರ ಕೈಯೂ ಹೋಗುವುದಿಲ್ಲ. ಸುಮ್ನೆ ಮೇಲಕ್ಕೆ ಎಸೆದರೆ ಸಾಕು. ಆದರೂ ಪಾಸ್ ಬರುತ್ತಿರಲಿಲ್ಲ.

ಡಿಸೆಂಬರ್‌ನಲ್ಲಿ ಅವನನ್ನು ಸೆಂಟರ್ ಮಾಡಿದರು. ಆಮೇಲೆ ಟ್ರೇ ಜೋನ್ಸ್ ಅನ್ನುವ ನಿಜವಾದ ಪಾಯಿಂಟ್ ಗಾರ್ಡ್ ಶುರುವಿನ ಐವರಲ್ಲಿ ಬಂದ. ಜೋನ್ಸ್ ದೊಡ್ಡ ಹೆಸರಿನವನಲ್ಲ. ಆದರೆ ಚೆಂಡು ಕಳೆದುಕೊಳ್ಳುವವನಲ್ಲ, ಯಾವ ಪಾಸ್ ಯಾವಾಗ ಅಂತ ಗೊತ್ತಿದ್ದವನು. ಅದೇ ಹುಡುಗ, ಅದೇ ತಂಡ, ಆದರೆ ಆಟ ಬೇರೆಯೇ ಆಯಿತು. ನಾನು ಮೊದಲು ಹೇಳಿದ 10 ಬ್ಲಾಕಿನ ಪಂದ್ಯ ಬಂದಿದ್ದು ಇದಾದ ಮೇಲೆ. ಎರಡು ವಾರದೊಳಗೆ ಲೇಕರ್ಸ್ ಎದುರು 27 ಪಾಯಿಂಟ್, 10 ರಿಬೌಂಡ್, 8 ಅಸಿಸ್ಟ್ (ಬಾಸ್ಕೆಟ್ ಆಗಿಸಿದ ಪಾಸ್), 5 ಸ್ಟೀಲ್ (ಎದುರಾಳಿಯಿಂದ ಕಸಿದ ಚೆಂಡು), 5 ಬ್ಲಾಕ್ ಬಂತು.

ನನಗೆ ಅನ್ನಿಸುವುದು ಇಷ್ಟು. ಹೊಸಬನ ಪ್ರಭಾವವನ್ನು ಅವನು ಹಾಕಿದ ಪಾಯಿಂಟ್‌ನಲ್ಲಿ ನೋಡಬೇಡಿ. ಮೊದಲ ವರ್ಷದ ಗೆಲುವಿನ ಲೆಕ್ಕದಲ್ಲೂ ನೋಡಬೇಡಿ. ಪಕ್ಕದ ನಾಲ್ಕು ಜನ ಏನು ಮಾಡುತ್ತಿದ್ದಾರೆ ನೋಡಿ. ಅವರಿಗೆ ಅವನನ್ನು ಬಳಸಿಕೊಳ್ಳಲು ಬರುತ್ತಿದೆಯಾ ನೋಡಿ.

ಈಗ ಹಾರಿದ ತಂಡಗಳ ಕಥೆಗೆ ಬರೋಣ. ಇದರಲ್ಲಿ ಒಂದು ಕಣ್ಕಟ್ಟು ಇದೆ.

ಅದೇ ಸ್ಪರ್ಸ್ ತಂಡಕ್ಕೆ 1997ರಲ್ಲಿ ಟಿಮ್ ಡಂಕನ್ ಬಂದ. ಹಿಂದಿನ ವರ್ಷ ತಂಡ ಗೆದ್ದಿದ್ದು 20. ಡಂಕನ್ ಬಂದ ವರ್ಷ 56. ಒಂದೇ ವರ್ಷದಲ್ಲಿ 36 ಗೆಲುವು ಜಾಸ್ತಿ! ಆ ಕಾಲಕ್ಕೆ ಲೀಗಿನಲ್ಲಿ ಯಾವ ತಂಡವೂ ಹಾಗೆ ಏರಿರಲಿಲ್ಲ. 1999ರಲ್ಲಿ ಕಪ್ಪೂ ಬಂತು. ರೂಕಿ ಅಂದರೆ ಹೀಗಿರಬೇಕು ಅಂತ ಎಲ್ಲರೂ ಬರೆದರು. ಆದರೆ ಆ 20 ಗೆಲುವಿನ ವರ್ಷದಲ್ಲಿ ಏನಾಗಿತ್ತು? ತಂಡದ ದೊಡ್ಡ ಆಟಗಾರ ಡೇವಿಡ್ ರಾಬಿನ್ಸನ್ ಗಾಯವಾಗಿ ಬರೀ 6 ಪಂದ್ಯ ಆಡಿದ್ದ. ಶಾನ್ ಎಲಿಯಟ್ ಅರ್ಧ ಋತು ಇರಲಿಲ್ಲ. ಅದಕ್ಕೂ ಹಿಂದಿನ ವರ್ಷ ಇದೇ ತಂಡ 59 ಪಂದ್ಯ ಗೆದ್ದಿತ್ತು. ಅಂದರೆ ಅದು ಬಡ ತಂಡವೇ ಅಲ್ಲ. ಒಂದು ವರ್ಷ ಹಾಸಿಗೆ ಹಿಡಿದಿದ್ದ ಶ್ರೀಮಂತ ತಂಡ. ಡಂಕನ್ ದೊಡ್ಡ ಆಟಗಾರ, ಸಂಶಯವೇ ಇಲ್ಲ. ಆದರೆ ಆ 36ರಲ್ಲಿ ರಾಬಿನ್ಸನ್ ಬೆನ್ನು, ಪಾದ ಎಷ್ಟು ಪಾಲು ತಗೊಂಡಿದೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ.

ರಾಬಿನ್ಸನ್ ತಾನೇ ಹೊಸಬನಾಗಿ ಬಂದಿದ್ದು 1989ರಲ್ಲಿ. 1987ರಲ್ಲೇ ಆಯ್ಕೆಯಾಗಿದ್ದ. ನೌಕಾಪಡೆಯ ಕೆಲಸ ಮುಗಿಸಿ ಬರಲಿ ಅಂತ ತಂಡ ಎರಡು ವರ್ಷ ಕಾಯಿತು. ಮಿಲಿಟರಿ ಮನೆಗಳಿರುವ ಊರಿನವರಿಗೆ ಈ ಕಾಯುವುದು ಹೊಸದಲ್ಲ ಬಿಡಿ. ಅವನು ಬಂದ ವರ್ಷ ತಂಡ 21ರಿಂದ 56ಕ್ಕೆ ಏರಿತು. ಅದೇ ವರ್ಷ ಟೆರಿ ಕಮಿಂಗ್ಸ್ ಬೇರೆ ತಂಡದಿಂದ ಬಂದಿದ್ದ. ಎಲಿಯಟ್ ಕೂಡ ಅದೇ ವರ್ಷದ ಹೊಸಬ. ಋತುವಿನ ಮಧ್ಯೆ ರಾಡ್ ಸ್ಟ್ರಿಕ್‌ಲ್ಯಾಂಡ್ ಬಂದ. ಕಾಯುತ್ತಾ ಸುಮ್ಮನೆ ಕೂರಲಿಲ್ಲ ಅವರು, ಮನೆ ಸಿದ್ಧ ಮಾಡಿದರು.

ಇನ್ನು ಮ್ಯಾಜಿಕ್ ಜಾನ್ಸನ್ ಕಥೆ. ನನಗೆ ತುಂಬ ಇಷ್ಟದ್ದು, ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಎನ್‌ಬಿಎಯಲ್ಲಿ ಹೊಸ ಆಟಗಾರರನ್ನು ಹರಾಜು ಹಾಕುವುದಿಲ್ಲ. ಐಪಿಎಲ್ ನೋಡಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಡ್ರಾಫ್ಟ್ ಇದೆ. ತಂಡಗಳು ಸರದಿಯಲ್ಲಿ ಒಬ್ಬೊಬ್ಬರನ್ನು ಆರಿಸುತ್ತವೆ. ಕಳಪೆ ತಂಡಕ್ಕೆ ಮೊದಲ ಸರದಿ ಸಿಗಲಿ ಅನ್ನುವುದು ಮೂಲ ಉದ್ದೇಶ. 1979ರಲ್ಲಿ ಎರಡು ಗುಂಪುಗಳ ಕಡೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲ ಸರದಿ ಯಾರದ್ದು ಅಂತ ನೋಡುತ್ತಿದ್ದರು. ಒಂದು ಕಡೆ ಶಿಕಾಗೊ ಬುಲ್ಸ್. ಇನ್ನೊಂದು ಕಡೆ ಇರಬೇಕಿದ್ದದ್ದು ನ್ಯೂ ಆರ್ಲಿಯನ್ಸ್ ಜಾಝ್. ಆದರೆ ಜಾಝ್‌ನವರು ಹಿಂದೊಮ್ಮೆ ಗೇಲ್ ಗುಡ್‌ರಿಚ್ ಅನ್ನುವ ಆಟಗಾರನನ್ನು ಲೇಕರ್ಸ್‌ನಿಂದ ಪಡೆದಾಗ, ಮುಂದಿನ ಈ ಸರದಿಯನ್ನು ಲೇಕರ್ಸ್‌ಗೆ ಬರೆದುಕೊಟ್ಟಿದ್ದರು. ನಾಣ್ಯ ಮೇಲೆ ಹೋಯಿತು. ಶಿಕಾಗೊ ‘ಹೆಡ್’ ಅಂದಿತು. ಬಿದ್ದಿದ್ದು ‘ಟೇಲ್’.

ಹೀಗೆ ಹಿಂದಿನ ವರ್ಷ 47 ಪಂದ್ಯ ಗೆದ್ದಿದ್ದ, ಕರೀಮ್ ಅಬ್ದುಲ್ ಜಬ್ಬಾರ್ ಇದ್ದ ತಂಡಕ್ಕೆ ದೇಶದ ಅತ್ಯುತ್ತಮ ಹುಡುಗ ಸಿಕ್ಕಿದ. ಉಂಡವನಿಗೇ ಮತ್ತೆ ಹೋಳಿಗೆ! ತಂಡ 60 ಗೆದ್ದಿತು, ಕಪ್ ಎತ್ತಿತು. 1980ರ ಮೇ 16ರ ಆರನೇ ಫೈನಲ್ ಪಂದ್ಯಕ್ಕೆ ಕರೀಮ್ ಪಾದದ ಗಂಟು ನೋವಿನಿಂದ ಬರಲೇ ಇಲ್ಲ. 20 ವರ್ಷದ ಮ್ಯಾಜಿಕ್, ಗಾರ್ಡ್ ಆಟಗಾರ, ಸೆಂಟರ್ ಜಾಗದಲ್ಲಿ ನಿಂತು ಪಂದ್ಯ ಶುರು ಮಾಡಿದ. 42 ಪಾಯಿಂಟ್, 15 ರಿಬೌಂಡ್, 7 ಅಸಿಸ್ಟ್. ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವನಿಗೇ.

ಎಲ್ಲರೂ ಹೇಳುವುದು ಆ 42 ಪಾಯಿಂಟ್. ನಾನು ಹೇಳಬೇಕು ಅಂದುಕೊಂಡಿದ್ದು ಅವನ ಮೊದಲ ಪಂದ್ಯದ ಕಥೆ. 1979ರ ಅಕ್ಟೋಬರ್. ಕರೀಮ್ ಕಡೇ ಕ್ಷಣದಲ್ಲಿ ಸ್ಕೈಹುಕ್ ಅನ್ನುವ ತಮ್ಮ ಶಾಟ್ ಹಾಕಿ ಪಂದ್ಯ ಗೆಲ್ಲಿಸಿದರು. ಮ್ಯಾಜಿಕ್ ಓಡಿಹೋಗಿ ಅವರ ಕುತ್ತಿಗೆಗೆ ಜೋತುಬಿದ್ದ. ಕಪ್ಪೇ ಗೆದ್ದ ಹಾಗೆ. ಕರೀಮ್ ಗಂಭೀರ ಮನುಷ್ಯ. ಇನ್ನೂ 81 ಪಂದ್ಯ ಇದೆ ಕಣಪ್ಪ ಅನ್ನುವ ಅರ್ಥದಲ್ಲಿ ಏನೋ ಹೇಳಿದರು. ಆದರೆ ಆ ಋತುವಿನಲ್ಲಿ ಆ ತಂಡ ಬದಲಾಯಿತು. ಓಡುವ ತಂಡವಾಯಿತು. ರಿಬೌಂಡ್ ಹಿಡಿದ ಮ್ಯಾಜಿಕ್ ಯಾರಿಗೂ ಕಾಯದೆ ತಾನೇ ಚೆಂಡು ತಗೊಂಡು ಹೊರಡುತ್ತಿದ್ದ. ಓಡಿದವನಿಗೆ ಪಾಸ್ ಖಂಡಿತ ಅಂತ ಗೊತ್ತಾದರೆ ಯಾರು ತಾನೇ ಓಡುವುದಿಲ್ಲ? ಆ ವರ್ಷದ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಕರೀಮ್‌ಗೆ ಬಂತು. ಹೊಸಬ ಬಂದಾಗ ಹಳಬನ ಆಟ ಮೇಲೆದ್ದರೆ, ಅದು ನಿಜವಾದ ಪ್ರಭಾವ ಅಂತ ನಾನು ಒಪ್ಪುತ್ತೇನೆ.

ಇದಕ್ಕೂ ಒಂದು ಬೆಲೆ ಇದೆ. ಲೇಕರ್ಸ್‌ನಲ್ಲಿ ಅಲ್ಲಿಯವರೆಗೆ ಚೆಂಡು ನಡೆಸುತ್ತಿದ್ದವನು ನಾರ್ಮ್ ನಿಕ್ಸನ್. ಒಳ್ಳೆಯ ಆಟಗಾರ. ಮ್ಯಾಜಿಕ್ ಬಂದ ಮೇಲೆ ಚೆಂಡು ಹಂಚಿಕೊಳ್ಳಬೇಕಾಯಿತು. ಇಬ್ಬರೂ ಒಟ್ಟಿಗೆ ಕಪ್ ಗೆದ್ದರು, ನಿಜ. ಆದರೂ 1983ರಲ್ಲಿ ನಿಕ್ಸನ್‌ನನ್ನು ಬೇರೆ ತಂಡಕ್ಕೆ ಕಳಿಸಿಬಿಟ್ಟರು. ರೂಕಿ ಬಂದ ಸಂಭ್ರಮದಲ್ಲಿ ಇಂಥವರನ್ನು ಯಾರೂ ನೆನೆಯುವುದಿಲ್ಲ.

ಹಾರದ ಕಥೆಗಳನ್ನು ಬೇಗ ಹೇಳುತ್ತೇನೆ. ಪ್ಯಾಟ್ರಿಕ್ ಯೂಯಿಂಗ್ 1985ರಲ್ಲಿ ನ್ಯೂಯಾರ್ಕ್ ನಿಕ್ಸ್‌ಗೆ ಬಂದ, ವರ್ಷದ ಹೊಸ ಆಟಗಾರನಾದ. ತಂಡ 24 ಗೆಲುವಿನಿಂದ 23ಕ್ಕೆ ಇಳಿಯಿತು. ಗಾಯದಿಂದ ಅವನು 50 ಪಂದ್ಯ ಮಾತ್ರ ಆಡಿದ್ದ. ಕೆವಿನ್ ಡ್ಯುರಾಂಟ್ 2007ರಲ್ಲಿ ಸಿಯಾಟಲ್‌ಗೆ ಬಂದ, ಅವನೂ ವರ್ಷದ ಹೊಸ ಆಟಗಾರ. ತಂಡ 31ರಿಂದ 20ಕ್ಕೆ ಬಿತ್ತು. ಏಕೆಂದರೆ ಅವನನ್ನು ಆರಿಸಿದ ರಾತ್ರಿಯೇ ರೇ ಆಲನ್‌ನನ್ನು ಬಾಸ್ಟನ್‌ಗೆ ಕೊಟ್ಟರು. ರಶಾರ್ಡ್ ಲೂಯಿಸ್ ಕೂಡ ಬಿಟ್ಟು ಹೋದ. ಡ್ಯುರಾಂಟ್‌ನನ್ನು ಅವನದಲ್ಲದ ಗಾರ್ಡ್ ಜಾಗದಲ್ಲಿ ಆಡಿಸಿದರು. ಮುಂದೆ ತಂಡ ಒಕ್ಲಹೋಮಾಕ್ಕೆ ಹೋಯಿತು, ಕೋಚ್ ಬದಲಾದರು, ಅವನು ಫಾರ್ವರ್ಡ್ ಜಾಗಕ್ಕೆ ಬಂದ, ವೆಸ್ಟ್‌ಬ್ರೂಕ್ ಮತ್ತು ಹಾರ್ಡನ್ ಸೇರಿಕೊಂಡರು. 2009-10ರಲ್ಲಿ 50 ಗೆಲುವು. ಮೊದಲ ವರ್ಷ ನೋಡಿ ಆ ಹುಡುಗನನ್ನು ಅಳೆದಿದ್ದರೆ?

ನಡುವೆ ಇರುವವರೂ ಇದ್ದಾರೆ. ಲೆಬ್ರಾನ್ ಜೇಮ್ಸ್ ಬಂದ ವರ್ಷ ಕ್ಲೀವ್‌ಲ್ಯಾಂಡ್ 17ರಿಂದ 35ಕ್ಕೆ. ಮೈಕೆಲ್ ಜೋರ್ಡಾನ್ ಬಂದ ವರ್ಷ ಶಿಕಾಗೊ 27ರಿಂದ 38ಕ್ಕೆ. ಜೋರ್ಡಾನ್ ಪಂದ್ಯಕ್ಕೆ 28.2 ಪಾಯಿಂಟ್ ಹಾಕಿಯೂ ತಂಡ ಗೆದ್ದಿದ್ದಕ್ಕಿಂತ ಸೋತದ್ದೇ ಜಾಸ್ತಿ.

ಇಲ್ಲಿರುವ ಪಿಟಿ ಮೇಷ್ಟ್ರುಗಳಿಗಾಗಿ ಒಬ್ಬರ ಹೆಸರು ಹೇಳಲೇಬೇಕು. ವೆಸ್ ಅನ್ಸೆಲ್ಡ್. 1968-69ರಲ್ಲಿ ಬಾಲ್ಟಿಮೋರ್ ಬುಲೆಟ್ಸ್‌ಗೆ ಬಂದರು. ಸೆಂಟರ್, ಆದರೆ ಎತ್ತರ 6 ಅಡಿ 7 ಇಂಚು ಅಷ್ಟೇ. ಆ ಜಾಗಕ್ಕೆ ಅದು ಗಿಡ್ಡ. ತಂಡ 36 ಗೆಲುವಿನಿಂದ 57ಕ್ಕೆ ಏರಿತು. ಅವರಿಗೆ ವರ್ಷದ ಹೊಸ ಆಟಗಾರ ಪ್ರಶಸ್ತಿಯೂ ಬಂತು, ಇಡೀ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಬಂತು. ಒಂದೇ ವರ್ಷದಲ್ಲಿ ಎರಡನ್ನೂ ಪಡೆದವರು ಅವರನ್ನು ಬಿಟ್ಟರೆ ವಿಲ್ಟ್ ಚೇಂಬರ್ಲೇನ್ ಮಾತ್ರ. ವಿಲ್ಟ್ ತಮ್ಮ ಮೊದಲ ವರ್ಷ, 1959-60ರಲ್ಲಿ, ಪಂದ್ಯಕ್ಕೆ 37.6 ಪಾಯಿಂಟ್ ಹಾಕಿದ್ದರು. ಅನ್ಸೆಲ್ಡ್ ಎಷ್ಟು ಹಾಕಿದರು ಗೊತ್ತಾ? 13.8.

ಮತ್ತೆ ಏನು ಮಾಡುತ್ತಿದ್ದರು? ರಿಬೌಂಡ್ ಹಿಡಿಯುತ್ತಿದ್ದರು, ಪಂದ್ಯಕ್ಕೆ 18ಕ್ಕೂ ಜಾಸ್ತಿ. ಹಿಡಿದ ತಕ್ಷಣ, ಕಾಲು ನೆಲಕ್ಕೆ ತಾಗುವ ಮೊದಲೇ ಅನ್ನುವ ಹಾಗೆ, ಚೆಂಡನ್ನು ಅರ್ಧ ಅಂಗಳ ದಾಟಿಸಿ ಓಡುವವನ ಕೈಗೆ ಎಸೆಯುತ್ತಿದ್ದರು. ಅರ್ಲ್ ಮನ್ರೋ ಅಂಥವರು ಆ ಪಾಸ್ ಹಿಡಿದು ಬಾಸ್ಕೆಟ್ ಮಾಡುತ್ತಿದ್ದರು. ಇನ್ನು ಸ್ಕ್ರೀನ್. ಗೋಡೆಯ ಹಾಗೆ ನಿಲ್ಲುತ್ತಿದ್ದರು. ಅವರನ್ನು ಸುತ್ತಿಕೊಂಡು ಹೋಗಬೇಕಾದ ಎದುರಾಳಿ ಒಂದು ಹೆಜ್ಜೆ ತಡವಾದರೆ, ಶೂಟ್ ಮಾಡುವವನಿಗೆ ಅಷ್ಟು ಸಾಕು. ಇದ್ಯಾವುದೂ ಸ್ಕೋರ್ ಶೀಟಿನಲ್ಲಿ ಅವರ ಹೆಸರಿನ ಮುಂದೆ ಬರುವುದಿಲ್ಲ. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಅವರು ನ್ಯೂಯಾರ್ಕ್‌ಗೆ ನಾಲ್ಕಕ್ಕೆ ನಾಲ್ಕೂ ಸೋತು ಮನೆಗೆ ಹೋದರು ಅನ್ನುವುದನ್ನೂ ಹೇಳಬೇಕು.

ನಮ್ಮ ಶಾಲಾ ಪಂದ್ಯಗಳಲ್ಲಿ ಏನಾಗುತ್ತದೆ? ತಂಡಕ್ಕೆ ಒಬ್ಬ ಉದ್ದದ ಹುಡುಗ ಸಿಕ್ಕಿದರೆ ಮುಗಿಯಿತು. ರಿಂಗ್ ಕೆಳಗೆ ನಿಲ್ಲಿಸುತ್ತೇವೆ. ಎಲ್ಲರೂ ಅವನಿಗೇ ಎಸೆಯಬೇಕು. ಉಳಿದ ನಾಲ್ವರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾರೆ. ಅವನು 20 ಪಾಯಿಂಟ್ ಹಾಕುತ್ತಾನೆ, ಪೇಪರ್‌ನಲ್ಲಿ ಹೆಸರು ಬರುತ್ತದೆ, ತಂಡ ಸೆಮಿಫೈನಲ್‌ನಲ್ಲಿ ಸೋಲುತ್ತದೆ. ಒಂದು ಸುಲಭದ ಕೆಲಸ ಮಾಡಿ ನೋಡಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹುಡುಗ ಅಂಗಳಕ್ಕೆ ಇಳಿದಾಗ ಸ್ಕೋರ್ ಎಷ್ಟಿತ್ತು, ಹೊರಗೆ ಬಂದಾಗ ಎಷ್ಟಿತ್ತು ಬರೆಯಿರಿ. ನಮ್ಮ ತಂಡ ಹಾಕಿದ್ದು ಮೈನಸ್ ಅವರು ಹಾಕಿದ್ದು. ದೊಡ್ಡ ತಂಡಗಳು ಇದನ್ನೇ ಪ್ಲಸ್-ಮೈನಸ್ ಅನ್ನುತ್ತವೆ. ಒಂದೇ ಪಂದ್ಯ ನೋಡಿ ತೀರ್ಮಾನ ಮಾಡಬೇಡಿ, ಅವನ ಜೊತೆ ಯಾರಿದ್ದರು ಅನ್ನುವುದನ್ನೂ ಬರೆಯಿರಿ. ಹತ್ತು ಪಂದ್ಯ ಆದ ಮೇಲೆ ನೋಡಿದರೆ, ನೀವು ಗಮನಿಸದೇ ಇದ್ದ ಯಾವುದೋ ಸಪ್ಪೆ ಹುಡುಗ ಮೇಲೆ ಬಂದಿರುತ್ತಾನೆ.

ಹುಡುಗಿಯರು ಅಷ್ಟು ಜನ ಬಂದಿದ್ದೀರಿ. ಕೇಟ್ಲಿನ್ ಕ್ಲಾರ್ಕ್ ಬಗ್ಗೆ ಹೇಳದೆ ಇಳಿದರೆ ನನ್ನನ್ನು ಬಿಡುವುದಿಲ್ಲ.

ಇಂಡಿಯಾನಾ ಫೀವರ್, ಅಮೆರಿಕದ ಮಹಿಳಾ ಲೀಗಿನ ತಂಡ. 2023ರಲ್ಲಿ 13 ಗೆಲುವು, 27 ಸೋಲು. 2024ರಲ್ಲಿ ಕ್ಲಾರ್ಕ್ ಬಂದಳು, 20 ಗೆಲುವು, 20 ಸೋಲು. 2016ರ ನಂತರ ಮೊದಲ ಸಲ ಪ್ಲೇಆಫ್. ನೇರ ಗೆರೆ ಎಳೆದರೆ ಏರಿಕೆ ಅಷ್ಟೇ. ಆದರೆ ಒಳಗೆ ನೋಡಿ. ಏಪ್ರಿಲ್ 7ಕ್ಕೆ ಅವಳ ಕೊನೆಯ ಕಾಲೇಜು ಪಂದ್ಯ. 15ಕ್ಕೆ ಡ್ರಾಫ್ಟ್. ಮೇ 14ಕ್ಕೆ ಮೊದಲ ಪಂದ್ಯ. 20 ಪಾಯಿಂಟ್ ಹಾಕಿದಳು, 10 ಸಲ ಚೆಂಡು ಕಳೆದುಕೊಂಡಳು. ಮೊದಲ 20 ದಿನದಲ್ಲಿ 11 ಪಂದ್ಯ. ಅಭ್ಯಾಸಕ್ಕೆ ಸಮಯವೇ ಇಲ್ಲ. ಮೊದಲ 9ರಲ್ಲಿ 8 ಸೋಲು. ಅವಳು ಎಸೆದ ಪಾಸ್ ಜೊತೆಗಾರರ ಕೈಗೆ ಬಡಿದು ಹೊರಗೆ ಹೋಗುತ್ತಿತ್ತು. ಅಷ್ಟು ಬೇಗ ಪಾಸ್ ಬರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಜುಲೈನಿಂದ ಆಗಸ್ಟ್‌ವರೆಗೆ ಒಲಿಂಪಿಕ್ಸ್ ಅಂತ ಲೀಗಿಗೆ ರಜೆ. ಕ್ಲಾರ್ಕ್ ಅಮೆರಿಕ ತಂಡದಲ್ಲಿ ಇರಲಿಲ್ಲ. ಅದು ದೊಡ್ಡ ಗಲಾಟೆಯಾಯಿತು. ತಂಡಕ್ಕೆ ಮಾತ್ರ ಅದು ವರವಾಯಿತು. ರಜೆಗೆ ಮುಂಚೆ 11 ಗೆಲುವು, 15 ಸೋಲು. ಆಮೇಲೆ 9 ಗೆಲುವು, 5 ಸೋಲು. ಕೆಲ್ಸಿ ಮಿಚೆಲ್ ಅಂತ ಒಬ್ಬಳು ಆ ತಂಡದಲ್ಲಿ 2018ರಿಂದ ಇದ್ದಳು. ಪ್ರತಿ ವರ್ಷ ಆಡಿದಳು, ಒಮ್ಮೆಯೂ ಪ್ಲೇಆಫ್ ನೋಡಿರಲಿಲ್ಲ. ಎದುರಾಳಿಗಳು ಕ್ಲಾರ್ಕ್‌ಳನ್ನು ಅಂಗಳದ ನಡುವಿನಲ್ಲೇ ಇಬ್ಬರಾಗಿ ಮುತ್ತಿಕೊಂಡರೆ ಮಿಚೆಲ್‌ಗೆ ಜಾಗ ಸಿಗುತ್ತಿತ್ತು. ಆ ಋತುವಿನ ಕಡೆಯ ವಾರಗಳಲ್ಲಿ ಫೀವರ್ ತಂಡದ ಅತಿ ಒಳ್ಳೆಯ ಆಟ ಮಿಚೆಲ್‌ದು ಅಂತ ನನ್ನ ಅಭಿಪ್ರಾಯ. ಕ್ಲಾರ್ಕ್ ಲೀಗಿನ ಒಂದು ಋತುವಿನ ಅಸಿಸ್ಟ್ ದಾಖಲೆ ಮುರಿದಳು, 337. ಚೆಂಡು ಕಳೆದುಕೊಂಡ ದಾಖಲೆಯೂ ಅವಳದ್ದೇ. ಎರಡೂ ಒಂದೇ ಕೈಯಿಂದ ಬಂದಿದ್ದು. ಅಂಜುವ ಕೈ ಎರಡನ್ನೂ ಮಾಡುವುದಿಲ್ಲ.

ಅಂಗಳದ ಹೊರಗಿನದ್ದು ಬೇರೆ ಕಥೆ. ವಾಷಿಂಗ್ಟನ್ ತಂಡದ ಸ್ವಂತ ಒಳಾಂಗಣದಲ್ಲಿ 4,200 ಸೀಟು. ಫೀವರ್ ಬರುತ್ತದೆ ಅಂತ ಪಂದ್ಯವನ್ನು ಊರಿನ ದೊಡ್ಡ ಒಳಾಂಗಣಕ್ಕೆ ಬದಲಾಯಿಸಿದರು. 2024ರ ಸೆಪ್ಟೆಂಬರ್‌ನಲ್ಲಿ 20,711 ಜನ ಬಂದರು. ಆಗ ಅದು ಆ ಲೀಗಿನ ಲೀಗ್ ಹಂತದ ಪಂದ್ಯಗಳಲ್ಲೇ ದಾಖಲೆ. ತನ್ನ ತಂಡಕ್ಕೆ ಮಾತ್ರವಲ್ಲ, ಎದುರಾಳಿ ತಂಡಕ್ಕೂ ಟಿಕೆಟ್ ಮಾರಿಕೊಟ್ಟ ರೂಕಿ! ಅವಳ ಆ ವರ್ಷದ ಲೀಗ್ ಸಂಬಳ 76,535 ಡಾಲರ್. ವೆಂಬನ್ಯಾಮನ ಮೊದಲ ವರ್ಷದ ಸಂಬಳ ಸುಮಾರು 1.2 ಕೋಟಿ ಡಾಲರ್. ಇದಕ್ಕೆ ನಾನು ಏನೂ ಸೇರಿಸಬೇಕಾಗಿಲ್ಲ.

ಪ್ರಶ್ನೆಗಳಿಗೆ ಬರೋಣ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ಸರ್, ಕಡೆಯವನಿಗೆ ಮೊದಲ ಸರದಿ ಅಂದರೆ, ಬೇಕಂತಲೇ ಸೋಲುವುದಿಲ್ಲವಾ?’

ಸೋಲುತ್ತಾರೆ. ಅದನ್ನು ತಡೆಯಲು 1985ರಲ್ಲಿ ಲಾಟರಿ ತಂದರು. ಪ್ಲೇಆಫ್‌ಗೆ ಹೋಗದ ತಂಡಗಳ ನಡುವೆ ಚೀಟಿ ಎತ್ತುವ ಹಾಗೆ. 2019ರಿಂದ ಅತಿ ಕೆಳಗಿನ ಮೂರು ತಂಡಗಳಿಗೂ ಸಮನಾಗಿ 14 ಶೇಕಡಾ ಅವಕಾಶ ಕೊಟ್ಟರು. ಕಡೆಯವನಾಗಲು ಪೈಪೋಟಿ ಬೇಡ ಅಂತ. 2025ರಲ್ಲಿ ಡಲ್ಲಾಸ್‌ಗೆ 1.8 ಶೇಕಡಾ ಅವಕಾಶ ಮಾತ್ರ ಇತ್ತು, ಅವರಿಗೇ ಮೊದಲ ಸರದಿ ಬಂದು ಕೂಪರ್ ಫ್ಲ್ಯಾಗ್ ಸಿಕ್ಕಿದ. ಆದರೂ ಸೋಲುವವರು ಸೋಲುತ್ತಲೇ ಇದ್ದಾರೆ. ಕಾರಣ ದುಡ್ಡು. 1995ರಿಂದ ಹೊಸಬರ ಸಂಬಳಕ್ಕೆ ಮಿತಿ ಇದೆ. ಅದಕ್ಕೆ ಹಿಂದಿನ ವರ್ಷ ಗ್ಲೆನ್ ರಾಬಿನ್ಸನ್ ಅನ್ನುವ ಹೊಸಬ 10 ವರ್ಷಕ್ಕೆ 6.8 ಕೋಟಿ ಡಾಲರ್ ಒಪ್ಪಂದ ಮಾಡಿಸಿಕೊಂಡ ಮೇಲೆ ಮಾಲೀಕರು ಹೆದರಿದ್ದರು. ಈಗ ದೊಡ್ಡ ಆಟಗಾರನೊಬ್ಬ ನಾಲ್ಕು ವರ್ಷ ಅಗ್ಗಕ್ಕೆ ಸಿಗುತ್ತಾನೆ. ಉಳಿದ ದುಡ್ಡಿನಲ್ಲಿ ಪಕ್ಕದವರನ್ನು ತರಬಹುದು. ಸ್ಪರ್ಸ್ ಮಾಡಿದ್ದು ಅದನ್ನೇ. ಎರಡನೇ ವರ್ಷ ವೆಂಬನ್ಯಾಮನಿಗೆ ಭುಜದಲ್ಲಿ ರಕ್ತ ಹೆಪ್ಪುಗಟ್ಟಿ 46 ಪಂದ್ಯಕ್ಕೆ ಆಟ ನಿಂತಿತು. ಆದರೂ ತಂಡ 34 ಗೆದ್ದಿತು. ಅಷ್ಟರೊಳಗೆ ಡಿಆರನ್ ಫಾಕ್ಸ್‌ನನ್ನು ತಂದಿದ್ದರು. 2024ರಲ್ಲಿ ಆರಿಸಿದ ಸ್ಟೆಫನ್ ಕ್ಯಾಸಲ್ ಆ ವರ್ಷದ ಹೊಸ ಆಟಗಾರನಾಗಿದ್ದ.

ಕಾಲೇಜು ಹುಡುಗನೊಬ್ಬ ಕೇಳಿದ: ‘ನಮ್ಮ ದೇಶದವರು ಯಾರಾದರೂ ಡ್ರಾಫ್ಟ್ ಆಗಿದ್ದಾರಾ?’

ಒಬ್ಬ. ಪಂಜಾಬಿನ ಬಲ್ಲೋ ಕೆ ಅನ್ನುವ ಹಳ್ಳಿಯ ಸತ್ನಾಮ್ ಸಿಂಗ್. 2015ರಲ್ಲಿ ಡಲ್ಲಾಸ್ 52ನೇ ಸರದಿಯಲ್ಲಿ ಆರಿಸಿತು. 7 ಅಡಿಗೂ ಮೇಲೆ. ಎನ್‌ಬಿಎ ಪಂದ್ಯ ಆಡುವ ಅವಕಾಶ ಮಾತ್ರ ಸಿಗಲಿಲ್ಲ. ಎತ್ತರ ಇದ್ದರೆ ಬಾಗಿಲವರೆಗೆ ಕರೆದುಕೊಂಡು ಹೋಗುತ್ತಾರೆ. ಒಳಗೆ ಓಡಬೇಕು, ದೂರದಿಂದ ಶೂಟ್ ಮಾಡಬೇಕು, ಪಾಸ್ ಮಾಡಬೇಕು. ಅದನ್ನು ಹನ್ನೆರಡು ಹದಿಮೂರು ವರ್ಷಕ್ಕೇ ಕಲಿಯಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಮೆಂಟ್ ಕೋರ್ಟ್ ಮೇಲೆ ಪಾಚಿ. ಛಾವಣಿ ಇಲ್ಲದ ಕಡೆ ವರ್ಷದ ಮೂರನೇ ಒಂದು ಭಾಗ ಹಾಗೇ ಹೋಗುತ್ತದೆ. ಎನ್‌ಬಿಎ ಫೈನಲ್ ನೋಡೋಣ ಅಂದರೆ ಅದೂ ಜೂನ್‌ನಲ್ಲಿ, ಬೆಳಿಗ್ಗೆ ಹೊತ್ತು, ಮಳೆ ಬಂದು ಕರೆಂಟ್ ಇರುವುದಿಲ್ಲ!

ಕೊನೆಯ ಪ್ರಶ್ನೆ ಗೋಣಿಕೊಪ್ಪ ಕಡೆಯ ಒಬ್ಬ ಪಿಟಿ ಟೀಚರ್ ಅವರದ್ದು: ‘ನಮ್ಮ ಶಾಲೆಗೆ ಈ ವರ್ಷ ಒಬ್ಬ ಹುಡುಗ ಬಂದಿದ್ದಾನೆ. ಎಂಟನೇ ಕ್ಲಾಸ್, ಈಗಲೇ ನನಗಿಂತ ಉದ್ದ. ಅವನನ್ನು ಎಲ್ಲಿ ಆಡಿಸಲಿ?’

ಮೇಡಂ, ಈಗಲೇ ಅವನನ್ನು ರಿಂಗ್ ಕೆಳಗೆ ನೆಡಬೇಡಿ. ಡ್ರಿಬಲ್ ಮಾಡಿಸಿ, ಹೊರಗಿನಿಂದ ಶೂಟ್ ಮಾಡಿಸಿ, ಗಾರ್ಡ್ ಮಕ್ಕಳ ಜೊತೆ ಓಡಿಸಿ. ವೆಂಬನ್ಯಾಮನ ತಾಯಿ ಬಾಸ್ಕೆಟ್‌ಬಾಲ್ ಕೋಚ್. ಅವನು 7 ಅಡಿ ಬೆಳೆದರೂ ಗಾರ್ಡ್ ಹಾಗೆ ಚೆಂಡು ಆಡಿಸುವುದು ಚಿಕ್ಕಂದಿನಲ್ಲಿ ಅದನ್ನು ಯಾರೂ ಬೇಡ ಅನ್ನದೇ ಇದ್ದದ್ದಕ್ಕೆ. ಅವನ ಜೊತೆಗೆ ಇನ್ನಿಬ್ಬರನ್ನು ಆರಿಸಿ, ಉದ್ದ ಇಲ್ಲದಿದ್ದರೂ ಪರವಾಗಿಲ್ಲ, ತಲೆ ಎತ್ತಿ ನೋಡುವವರು ಸಾಕು. ಅವನಿಗೆ ಯಾವ ಕೈಗೆ, ಎಷ್ಟು ಎತ್ತರಕ್ಕೆ ಪಾಸ್ ಹಾಕಬೇಕು ಅಂತ ದಿನಾ ಹತ್ತು ನಿಮಿಷ ಅವರಿಬ್ಬರಿಗೆ ಹೇಳಿಕೊಡಿ. ಅವರೂ ಎಂಟನೇ ಕ್ಲಾಸಿನವರೇ ಆಗಿದ್ದರೆ ಒಳ್ಳೆಯದು. ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ ಮೂವರೂ ಒಟ್ಟಿಗೆ ಆಡಬಹುದು.